ಗೈರೋ ಗುರಿ: ಗೇಲಿ ಮಾಡಿದವರೇ ಈಗ ಸೆಟ್ಟಿಂಗ್ ಕೇಳುತ್ತಿದ್ದಾರೆ

‘ಕಂಟ್ರೋಲರ್ ಅಲುಗಾಡಿಸಿ ಗುಂಡು ಹಾರಿಸುವುದೇ? ಅದೇನು ಗಿಲಕಿಯೇ?’ ಎಂದು ನಮ್ಮ ಭಾನುವಾರದ ಗೇಮಿಂಗ್ ಬಳಗ, ಗೈರೋದಿಂದ (ಕಂಟ್ರೋಲರ್ ಎತ್ತ ತಿರುಗಿತೆಂದು ಅಳೆಯುವ ಸೆನ್ಸರ್) ಗುರಿಯಿಡುವ ನನ್ನನ್ನು ಸುಮಾರು ಒಂದೂವರೆ ವರ್ಷ ಆಡಿಕೊಂಡಿತು. ಕಳೆದ ತಿಂಗಳು ಅದೇ ಬಳಗದ ಮೌಸ್ ವೀರನನ್ನು ಹತ್ತು ಸುತ್ತಿನಲ್ಲಿ ಆರು ಸಲ ಮಲಗಿಸಿದೆ. ಏಳು ಎಂದೇ ನನ್ನ ನೆನಪು, ಆದರೆ ಅವನು ಆರು ಎನ್ನುತ್ತಾನೆ.

ಮೊದಲು ಕೈ ಸುಟ್ಟ ಕಥೆ. 1,100 ರೂಪಾಯಿಗೆ ಸಿಕ್ಕಿತೆಂದು ಹಿಗ್ಗಿ ತಂದ ಡ್ಯುಯಲ್‌ಶಾಕ್ 4 (ಪ್ಲೇಸ್ಟೇಷನ್ 4ರ ಕಂಟ್ರೋಲರ್) ನಕಲಿ. ಒಳಗೆ ಗೈರೋ ಇರಲೇ ಇಲ್ಲ. ಅಂಗಡಿಯವನು ಮರಳಿ ತೆಗೆದುಕೊಳ್ಳಲಿಲ್ಲ. ಎರಡನೆಯದು ಅಸಲಿ, ಬಳಸಿದ್ದು, 2,400ರ ಆಸುಪಾಸು. ಬ್ಲೂಟೂತ್ ಡಾಂಗಲ್‌ಗೆ ಇನ್ನೊಂದು 450. ಆದರೂ ಗುರಿ ತಡವರಿಸುತ್ತಿತ್ತು. ಡಾಂಗಲನ್ನು ಸಿಪಿಯು ಹಿಂದಿನಿಂದ ಕಿತ್ತು, 90 ರೂಪಾಯಿಯ ಯುಎಸ್‌ಬಿ ಕೇಬಲಿನಲ್ಲಿ ಮೇಜಿನ ಮೇಲೆ ತಂದಿಟ್ಟ ಮೇಲೆ ಸರಿಹೋಯಿತು.

ದೊಡ್ಡ ತಪ್ಪು ನನ್ನದೇ. ಹುಮ್ಮಸ್ಸಿನಲ್ಲಿ, ಹೆಬ್ಬೆರಳಿನಿಂದ ನೋಟ ತಿರುಗಿಸುವ ಬಲಗಡೆಯ ಸ್ಟಿಕ್ಕನ್ನು ಪೂರ್ತಿ ಆರಿಸಿ, ಎಲ್ಲವನ್ನೂ ಗೈರೋದಿಂದಲೇ ಆಡಲು ಹೊರಟೆ. ಹಿಂದಿನಿಂದ ಶತ್ರು ಬಂದರೆ ಕುರ್ಚಿಯ ಸಮೇತ ತಿರುಗುತ್ತಿದ್ದೆ! ಮೂರು ವಾರಕ್ಕೆ ಮಣಿಕಟ್ಟು ನೋವು. 2007ರಲ್ಲಿ ಬಂದ ‘ಲೇರ್’ ಆಟ ಮಾಡಿದ್ದೂ ಇದೇ ತಪ್ಪನ್ನು: ಡ್ರ್ಯಾಗನ್ನನ್ನು ಕಂಟ್ರೋಲರ್ ವಾಲಿಸಿಯೇ ಹಾರಿಸಬೇಕಿತ್ತು, ಸ್ಟಿಕ್ ಬಂದದ್ದು ಮರುವರ್ಷದ ಅಪ್‌ಡೇಟಿನಲ್ಲಿ. ‘ಸ್ಪ್ಲಾಟೂನ್’ ಆಟ 2015ರಲ್ಲೇ ದಾರಿ ತೋರಿಸಿತ್ತು, ದೊಡ್ಡ ತಿರುವಿಗೆ ಸ್ಟಿಕ್, ಕೂದಲೆಳೆಯಷ್ಟು ಸರಿಪಡಿಸಲು ಗೈರೋ. ನನಗೆ ಅದು ತಲೆಗೆ ಹೋಗಲು ಮಣಿಕಟ್ಟು ನೋಯಬೇಕಾಯಿತು.

ಆಮೇಲೆ ಗುರಿ ತಾನಾಗಿಯೇ ಎಡಕ್ಕೆ ಜಾರುವ ಕಾಟ. ಕೈಯಲ್ಲಿ ಹಿಡಿದುಕೊಂಡೇ ಕ್ಯಾಲಿಬ್ರೇಟ್ (ನಿಶ್ಚಲ ಸ್ಥಿತಿ ಯಾವುದೆಂದು ಗೈರೋಗೆ ತಿಳಿಸುವುದು) ಮಾಡುತ್ತಿದ್ದೆನಲ್ಲ, ಜಾರದೆ ಇನ್ನೇನು? ಮೇಜಿನ ಮೇಲಿಟ್ಟು ಮಾಡಿದೆ, ನಿಂತಿತು. ಟಚ್‌ಪ್ಯಾಡ್ ಮುಟ್ಟಿದಾಗ ಗೈರೋ ಆರುವಂತೆ ಹೊಂದಿಸಿದ ದಿನ ಆಟವೇ ಬದಲಾಯಿತು. ಜಾಗ ಸಾಲದಾದಾಗ ಮೌಸನ್ನು ಎತ್ತಿ ಇಟ್ಟ ಹಾಗೆ, ಗುರಿ ಕದಲದೆ ಕೈಯನ್ನು ನೇರಕ್ಕೆ ತರಬಹುದು. ಈಗ ಟಚ್‌ಪ್ಯಾಡ್ ಬಿಟ್ಟು ಬೇರೊಂದು ಗುಂಡಿ ಬಳಸುತ್ತಿದ್ದೇನೆ. ಯಾವುದು ಎಂದು ಬಳಗದ ಮುಂದಿನ ಪಂದ್ಯ ಮುಗಿದ ಮೇಲೆ ಹೇಳುತ್ತೇನೆ.

ನಡುವೆ ಒಂದು ಹುಚ್ಚಾಟ. 2004ರ ‘ಡಾಂಕಿ ಕಾಂಗ್ ಜಂಗಲ್ ಬೀಟ್’ ಅನ್ನು ಬೊಂಗೋ ಎಂಬ ಜೋಡಿ ಡ್ರಮ್ ಬಡಿದು ಆಡುತ್ತಿದ್ದರಲ್ಲ, ಅದರ ಆಸೆಗೆ ಎರಡು ಸ್ಟೀಲ್ ತಟ್ಟೆಗಳ ತಳಕ್ಕೆ ಅದುರು ಗುರುತಿಸುವ ಪೀಜೋ ಬಿಲ್ಲೆ ಅಂಟಿಸಿ, ಆರ್ಡುಯಿನೋ ಲಿಯೊನಾರ್ಡೊ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡನ್ನು ಕೀಬೋರ್ಡಿನಂತೆ ನಟಿಸಲು ಬಿಟ್ಟೆ. ಹೆಚ್ಚುಕಡಿಮೆ 900 ರೂಪಾಯಿ. ಒಂದನ್ನು ಬಡಿದರೆ ಓಟ, ಎರಡನ್ನೂ ಒಟ್ಟಿಗೆ ಬಡಿದರೆ ಜಿಗಿತ. ನನ್ನದರಲ್ಲಿ ಒಂದು ತಟ್ಟೆ ಬಡಿದರೆ ಎರಡೂ ಅದುರಿ, ಓಡಬೇಕಾದವನು ಹಾರುತ್ತಿದ್ದ. ಕೆಳಗೆ ಸೈಕಲ್ ಟ್ಯೂಬಿನ ತುಂಡು ಇಟ್ಟ ಮೇಲೆ ಚೆನ್ನಾಗಿಯೇ ನಡೆಯಿತು, ಕೆಳಮನೆಯವರು ಬಾಗಿಲು ತಟ್ಟುವವರೆಗೆ.

ಅಲುಗಾಡಿಸುವುದೆಲ್ಲ ಗಿಮಿಕ್ ಎನ್ನುವವರೊಂದಿಗೆ ನನ್ನ ಜಗಳ ಇಷ್ಟೇ. ಒಂದು ಗುಂಡಿ ಮಾಡುವ ಕೆಲಸಕ್ಕೆ ತೋಳು ಬೀಸಿಸಿದರೆ ಅದು ಪೀಡೆ, ಒಪ್ಪುತ್ತೇನೆ. ಆದರೆ ಕಂಟ್ರೋಲರ್ ಬೀಸಿ ಕತ್ತಿ ಝಳಪಿಸುವ ‘ಸ್ಕೈವರ್ಡ್ ಸ್ವೋರ್ಡ್’ನಲ್ಲಿ ಕತ್ತಿ ಯಾವ ದಿಕ್ಕಿನಿಂದ ಬೀಳುತ್ತದೆ ಎನ್ನುವುದೇ ಆಟ. 2021ರ ನಿಂಟೆಂಡೊ ಸ್ವಿಚ್ ಆವೃತ್ತಿಯಲ್ಲಿ ಸ್ಟಿಕ್‌ನಿಂದಲೂ ಆಡಿ ನೋಡಿದೆ. ಕೈ ಹಗುರವಾಯಿತು, ಕತ್ತಿಯೂ ಹಗುರವಾಯಿತು.

ಮೌಸ್ ವೀರ ಮೊನ್ನೆ ಕಂಟ್ರೋಲರ್ ಕೊಂಡಿದ್ದಾನೆ. ಸೆನ್ಸಿಟಿವಿಟಿ (ಕೈ ಎಷ್ಟು ತಿರುಗಿದರೆ ಗುರಿ ಎಷ್ಟು ಸರಿಯಬೇಕು ಎಂಬ ಸೆಟ್ಟಿಂಗ್) ಎಷ್ಟಿಟ್ಟಿದ್ದೀಯ ಎಂದು ಕೇಳಿದ. ಒಂದು ಸಂಖ್ಯೆ ಕೊಟ್ಟಿದ್ದೇನೆ. ನನ್ನದು ಅದಲ್ಲ.