ಮೊದಲು ಗಡಿಯಾರ, ಆಮೇಲೆ ನಕ್ಷೆ: ನೌಕಾಧಿಕಾರಿ ಇತಿಹಾಸ ಬರೆಯಲು ಕೂತಾಗ

ನೌಕಾಪಡೆಯಲ್ಲಿ ನನ್ನದು ನ್ಯಾವಿಗೇಷನ್ ಶಾಖೆ. ನಿವೃತ್ತಿಯ ನಂತರ ಸಮುದ್ರ ಯುದ್ಧಗಳ ಇತಿಹಾಸ ಬರೆಯಲು ಕೂತಾಗಲೂ ಕೈಗೆ ಬಂದದ್ದು ಅದೇ ಹಳೆಯ ಸಾಮಾನು: ಡಿವೈಡರ್, ಪ್ಯಾರಲಲ್ ರೂಲರ್, ಚಾರ್ಟು, ಟ್ರೇಸಿಂಗ್ ಹಾಳೆ. ಈ ದಾರಿಗೆ ಬರಬೇಕೆಂದಿರುವ ಅಧಿಕಾರಿಗಳು ಸಾಮಾನ್ಯವಾಗಿ ಕೇಳುವುದು ಯಾವ ಪುಸ್ತಕದಿಂದ ಶುರು ಮಾಡಬೇಕು ಎಂದು. ಪುಸ್ತಕ ಆಮೇಲೆ ಓದಬಹುದು. ಮೊದಲು ಮಾಡಬೇಕಾದದ್ದು ಕೈಯಲ್ಲಿರುವ ಪ್ರತಿ ದಾಖಲೆಯೂ ಯಾವ ಗಡಿಯಾರದ ಪ್ರಕಾರ ಮಾತಾಡುತ್ತಿದೆ ಎಂದು ಗುರುತಿಸುವುದು. ಸಮುದ್ರದ ಕಾಳಗಗಳ ಬಗ್ಗೆ ದಶಕಗಟ್ಟಲೆ ನಡೆದ ವಾದಗಳಲ್ಲಿ ಎಷ್ಟೋ ಇಲ್ಲೇ ಕರಗಿಹೋಗುತ್ತವೆ.

1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ನಡೆದ ಕ್ಷಿಪಣಿ ದಾಳಿಯನ್ನೇ ತೆಗೆದುಕೊಳ್ಳಿ. ನಿಪಾತ್, ನಿರ್ಘಾತ್, ವೀರ್ ಎಂಬ ನಮ್ಮ ಮೂರು ಕ್ಷಿಪಣಿ ದೋಣಿಗಳು, ಜೊತೆಗೆ ಬೆಂಗಾವಲಿಗೆ ಕಿಲ್ತಾನ್ ಮತ್ತು ಕಚ್ಚಲ್ ಹಡಗುಗಳು. ಎದುರಾಳಿಯ ಖೈಬರ್ ಎಂಬ ಡಿಸ್ಟ್ರಾಯರ್, ಮುಹಾಫಿಜ್ ಎಂಬ ಮೈನ್‌ಸ್ವೀಪರ್ ಮುಳುಗಿದವು. ಆಗ ಪಶ್ಚಿಮ ಪಾಕಿಸ್ತಾನದ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ, ಗ್ರೀನಿಚ್‌ಗಿಂತ 5 ಗಂಟೆ ಮುಂದೆ. ಹಾಗಾಗಿ ಅವರ ಕಡೆಯವನೊಬ್ಬ 22:15 ಎಂದು ಬರೆದದ್ದೂ ನಮ್ಮವನೊಬ್ಬ 22:45 ಎಂದು ಬರೆದದ್ದೂ ಒಂದೇ ಗಳಿಗೆ. ಇದನ್ನು ಗಮನಿಸದೆ ಎರಡೂ ಕಡೆಯ ಮಾತನ್ನು ಒಂದೇ ನಕ್ಷೆಯ ಮೇಲೆ ಇಟ್ಟರೆ, 24 ನಾಟ್ (ಗಂಟೆಗೆ 24 ನಾಟಿಕಲ್ ಮೈಲಿ) ವೇಗದಲ್ಲಿ ಹೋಗುತ್ತಿದ್ದ ಹಡಗು 12 ಮೈಲಿ ತಪ್ಪು ಜಾಗದಲ್ಲಿ ನಿಲ್ಲುತ್ತದೆ. ಪೂರ್ವದ ರಂಗದಲ್ಲಿ ತಪ್ಪು ತಿರುಗಿಬೀಳುತ್ತದೆ, ಏಕೆಂದರೆ ಢಾಕಾದ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದಿತ್ತು. ಒಂದೇ ಯುದ್ಧ, ಒಂದೇ ಶತ್ರು, ಎರಡು ತಿದ್ದುಪಡಿ.

ಸಿಗ್ನಲ್‌ಗಳದ್ದು ಇನ್ನೊಂದು ಲೆಕ್ಕ. ತಲೆಬರಹದಲ್ಲಿ 041715 ಎಂಬ ಅಂಕಿಯ ಮುಂದೆ ಜೆಡ್ ಅಕ್ಷರ ಕಂಡರೆ ಅದು 4ನೇ ತಾರೀಕು, ಗ್ರೀನಿಚ್ ಸಮಯ 17:15. ನಮ್ಮ ಗಡಿಯಾರದಲ್ಲಿ 22:45. ಇಲ್ಲಿ ಎಡವುವುದು ತಾರೀಕಿನಲ್ಲಿ. ನಮ್ಮ 5ನೇ ತಾರೀಕಿನ ರಾತ್ರಿ 00:30 ಗ್ರೀನಿಚ್ ಪ್ರಕಾರ ಇನ್ನೂ 4ನೇ ತಾರೀಕೇ. ಇನ್ನೂ ಒಂದು ಎಚ್ಚರ: ತಲೆಬರಹದ ಸಮಯ ಸಂದೇಶ ತಯಾರಾದ ಹೊತ್ತನ್ನು ಹೇಳುತ್ತದೆ, ಘಟನೆ ನಡೆದ ಹೊತ್ತನ್ನಲ್ಲ. ತಲುಪಿದ ಹೊತ್ತು ಸಂದೇಶಗಳ ದಾಖಲೆ ಪುಸ್ತಕವಾದ ಸಿಗ್ನಲ್ ಲಾಗ್‌ನಲ್ಲಿ ಬೇರೆಯಾಗಿ ಇರುತ್ತದೆ. ಕಮಾಂಡರ್‌ಗೆ ಯಾವ ಹೊತ್ತಿಗೆ ಏನು ಗೊತ್ತಿತ್ತು ಎಂದು ಬರೆಯುವಾಗ ಬೇಕಾದದ್ದು ಆ ಮೂರನೆಯದು. ಸಂದೇಶ ಹೊರಟ ಹೊತ್ತನ್ನೇ ತಲುಪಿದ ಹೊತ್ತೆಂದು ತಿಳಿದು, ಮಾಡದ ತಪ್ಪನ್ನು ಒಬ್ಬ ಕ್ಯಾಪ್ಟನ್ ತಲೆಗೆ ಕಟ್ಟುವುದು ಬಹಳ ಸುಲಭ. ಹಾಗೆ ಆಗಬಾರದು.

1946ರ ಫೆಬ್ರವರಿ 18ರಂದು ಮುಂಬಯಿಯ ತಲ್ವಾರ್ ಸಿಗ್ನಲ್ ಶಾಲೆಯಲ್ಲಿ ಶುರುವಾದ ನಾವಿಕರ ಬಂಡಾಯಕ್ಕೆ ಬೇರೆಯೇ ತೊಡಕು ಇದೆ. ಆ ಊರಿನಲ್ಲಿ 1955ರವರೆಗೂ ಬಾಂಬೆ ಟೈಮ್ ಬಳಕೆಯಲ್ಲಿತ್ತು, ಭಾರತೀಯ ಸಮಯಕ್ಕಿಂತ 39 ನಿಮಿಷ ಹಿಂದೆ. ಊರಿನವನ ಹೇಳಿಕೆ, ಪೊಲೀಸ್ ಟಿಪ್ಪಣಿ, ಹಡಗಿನ ಲಾಗ್ ಮೂರನ್ನೂ ಪಕ್ಕಪಕ್ಕ ಇಟ್ಟಾಗ ಸುಮಾರು 40 ನಿಮಿಷದ ವ್ಯತ್ಯಾಸ ಮತ್ತೆ ಮತ್ತೆ ಕಂಡರೆ ಮೊದಲು ಇದನ್ನೇ ಅನುಮಾನಿಸಬೇಕು. ಅದಕ್ಕೂ ಹಿಂದೆ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ದೇಶದ ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟಿದ್ದರು. ಎರಡನೆಯ ಮಹಾಯುದ್ಧದ ಕಡತ ತೆರೆಯುವವರು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಹಾಯಿ ಹಡಗುಗಳ ಕಾಲಕ್ಕೆ ಹೋದರೆ ತಾರೀಕೇ ಜಾರುತ್ತದೆ. ಹೈದರಾಲಿ, ಟಿಪ್ಪು ಕಾಲದಲ್ಲಿ, 1782-83ರಲ್ಲಿ, ಕೋರಮಂಡಲ ಮತ್ತು ಸಿಂಹಳದ ಪೂರ್ವ ತೀರಗಳಲ್ಲಿ ಫ್ರೆಂಚ್ ಸೇನಾನಿ ಸಫ್ರೆನ್‌ಗೂ ಬ್ರಿಟಿಷ್ ಅಡ್ಮಿರಲ್ ಹ್ಯೂಸ್‌ಗೂ ಐದು ಕಾಳಗಗಳಾದವು. ಮೊದಲನೆಯದು ಮದ್ರಾಸಿನ ದಕ್ಷಿಣಕ್ಕಿರುವ ಸದ್ರಾಸ್ ಬಳಿ, 1782ರ ಫೆಬ್ರವರಿ 17ರ ಮಧ್ಯಾಹ್ನದ ನಂತರ. ಬ್ರಿಟಿಷ್ ನೌಕಾಪಡೆಯ ಲಾಗ್‌ಗಳಲ್ಲಿ 1805ರ ಅಕ್ಟೋಬರ್‌ವರೆಗೂ ದಿನ ಬದಲಾಗುತ್ತಿದ್ದುದು ನಡುಮಧ್ಯಾಹ್ನಕ್ಕೆ, ಅದೂ ಲೋಕದ ದಿನಕ್ಕಿಂತ 12 ಗಂಟೆ ಮೊದಲೇ. ಅಂದರೆ ನಮ್ಮ 17ರ ಸಂಜೆ 4 ಗಂಟೆ ಲಾಗ್‌ನಲ್ಲಿ 18ನೇ ತಾರೀಕಿನ ಹಾಳೆಯಲ್ಲಿರುತ್ತದೆ. 17ನೇ ತಾರೀಕಿನ ಹಾಳೆ ತೆರೆದು ನೋಡಿದವರಿಗೆ ಸಿಗುವುದು 16ರ ಮಧ್ಯಾಹ್ನದಿಂದ 17ರ ಮಧ್ಯಾಹ್ನದವರೆಗಿನ ಸುದ್ದಿ. ಕಾಳಗದ ಗುರುತೇ ಇಲ್ಲ! ಆದರೆ ಅದೇ ಹಡಗಿನಿಂದ ಹೋದ ಪತ್ರಕ್ಕೆ ಸಾಮಾನ್ಯ ತಾರೀಕು ಹಾಕಿರುತ್ತಾರೆ. ನಾನು ಲಾಗ್‌ನ ಪ್ರತಿ ನಕಲಿನ ಮೂಲೆಯಲ್ಲೂ ಪೆನ್ಸಿಲಿನಿಂದ ಲೋಕದ ತಾರೀಕನ್ನು ಬರೆದ ಮೇಲೆಯೇ ಓದಲು ಶುರು ಮಾಡುವುದು.

ಸಮಯ ಕೂತ ಮೇಲೆ ನಕ್ಷೆ. ಆ ಕಾಲದ ಲಾಗ್ ಹಾಳೆಯಲ್ಲಿ ಗಂಟೆ, ನಾಟ್, ಫ್ಯಾದಮ್ (ಇಲ್ಲಿ ನಾಟಿನ ಭಾಗ), ದಿಕ್ಕು, ಗಾಳಿ, ಷರಾ ಎಂಬ ಕಾಲಂಗಳಿರುತ್ತವೆ. ಗಂಟೆಗಂಟೆಯ ವೇಗ ಮತ್ತು ದಿಕ್ಕನ್ನು ಕೂಡಿಸುತ್ತಾ ಹೋದರೆ ಹಡಗಿನ ದಾರಿ ಮೂಡುತ್ತದೆ. ಬರೆದ ದಿಕ್ಕು ದಿಕ್ಸೂಚಿಯದು, ನಿಜವಾದ ಉತ್ತರದ್ದಲ್ಲ. ಆ ವರ್ಷ ಆ ಜಾಗದ ಕಾಂತೀಯ ವ್ಯತ್ಯಾಸವನ್ನು, ಅಂದರೆ ಆ ಎರಡರ ನಡುವಿನ ಅಂತರವನ್ನು, ಲೆಕ್ಕಕ್ಕೆ ಸೇರಿಸಲೇಬೇಕು. ಇಂದಿನ ಚಾರ್ಟಿನ ಅಂಕಿಯನ್ನು ಹಾಕುವಂತಿಲ್ಲ, ಅದು ವರ್ಷವರ್ಷಕ್ಕೂ ಬದಲಾಗುವಂಥದ್ದು. ವೇಗವನ್ನೂ ಕಣ್ಣುಮುಚ್ಚಿ ನಂಬಬಾರದು. ಆಗ ವೇಗ ಅಳೆಯುತ್ತಿದ್ದುದು ಗಂಟು ಹಾಕಿದ ಹಗ್ಗವನ್ನು ನೀರಿಗೆ ಬಿಟ್ಟು, ಮರಳುಗಡಿಯಾರ ಮುಗಿಯುವಷ್ಟರಲ್ಲಿ ಎಷ್ಟು ಗಂಟು ಹೊರಹೋದವು ಎಂದು ಎಣಿಸಿ. 28 ಸೆಕೆಂಡಿನ ಮರಳುಗಡಿಯಾರಕ್ಕೆ ಹಗ್ಗದ ಗಂಟುಗಳ ನಡುವೆ 47 ಅಡಿ 3 ಅಂಗುಲ ಇರಬೇಕು. ಗಂಟುಗಳು 45 ಅಡಿಗೇ ಇದ್ದರೆ ಹಡಗು ನಿಜಕ್ಕಿಂತ ಶೇಕಡ 5ರಷ್ಟು ಜೋರಾಗಿ ಓಡಿದಂತೆ ದಾಖಲಾಗುತ್ತದೆ. ಆದ್ದರಿಂದ ದಾರಿ ಎಳೆಯುವಾಗ ಕರಾವಳಿಯ ಗುರುತು ಸಿಕ್ಕಲ್ಲೆಲ್ಲ, ಅಂದರೆ ಬೆಟ್ಟ, ದೇಗುಲದ ಗೋಪುರ, ಕೋಟೆಯ ಧ್ವಜಸ್ತಂಭ ಕಂಡ ದಿಕ್ಕು ಬರೆದಿದ್ದಲ್ಲೆಲ್ಲ, ಹಡಗನ್ನು ಅಲ್ಲಿಗೆ ಕಟ್ಟಿಹಾಕಿ ಮುಂದುವರಿಯುತ್ತೇನೆ.

ಫ್ರೆಂಚ್ ದಾಖಲೆಯ ರೇಖಾಂಶ ಪ್ಯಾರಿಸ್‌ನಿಂದ ಎಣಿಸಿದ್ದು. ಗ್ರೀನಿಚ್‌ಗೆ ತರಲು 2 ಡಿಗ್ರಿ 20 ಮಿನಿಟು ಸೇರಿಸಬೇಕು. ಸದ್ರಾಸ್‌ನ ಅಕ್ಷಾಂಶದಲ್ಲಿ ಇದು ಸುಮಾರು 137 ನಾಟಿಕಲ್ ಮೈಲಿ. ಮರೆತರೆ ತಪ್ಪು ಎದ್ದು ಕಾಣುತ್ತದೆ, ಹಡಗು ನೆಲದ ಮೇಲೆ ಹತ್ತಿರುತ್ತದೆ. ಅದಕ್ಕಿಂತ ಅಪಾಯಕಾರಿ ಕಣ್ಣಿಗೆ ಬೀಳದ ಸಣ್ಣ ತಪ್ಪುಗಳೇ. ಅವರ ಸಮುದ್ರದ ಲೀಗ್ ಎಂದರೆ 3 ನಾಟಿಕಲ್ ಮೈಲಿ ಎಂಬುದನ್ನೂ ನೆನಪಿಡಿ.

ಪ್ರತಿ ಹಡಗಿಗೂ ಒಂದೊಂದು ಟ್ರೇಸಿಂಗ್ ಹಾಳೆ. ಒಂದು ಮೈಲಿಗೆ ಒಂದು ಸೆಂಟಿಮೀಟರ್ ಅಳತೆ ಸಾಕು. ದಾರಿಯ ಮೇಲೆ 6 ನಿಮಿಷಕ್ಕೊಂದು ಚುಕ್ಕೆ. 6 ನಿಮಿಷದಲ್ಲಿ ಹಡಗು ಸಾಗುವ ಮೈಲಿ ಅದರ ನಾಟ್ ವೇಗದ ಹತ್ತನೇ ಒಂದು ಭಾಗ, ಹಾಗಾಗಿ ಲೆಕ್ಕ ಬಾಯಲ್ಲೇ ಆಗುತ್ತದೆ. ಎಲ್ಲ ಹಾಳೆಗಳನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಹಿಡಿದಾಗ ನಿಜವಾದ ಕೆಲಸ ಶುರು. 'ಶತ್ರು ನನ್ನ ಬಲಕ್ಕೆ 4 ಮೈಲಿ' ಎಂದು ಒಬ್ಬ ಬರೆದ ಗಳಿಗೆಯಲ್ಲಿ ಇನ್ನೊಬ್ಬನ ಹಾಳೆಯಲ್ಲಿ ಆ ಶತ್ರು 9 ಮೈಲಿ ದೂರ ಇದ್ದರೆ, ಇಬ್ಬರಲ್ಲಿ ಒಬ್ಬರ ಗಡಿಯಾರವೋ ಜಾಗವೋ ತಪ್ಪು. ಯಾರದ್ದೆಂದು ಗೊತ್ತಾಗಲು ಮೂರನೆಯ ಹಾಳೆ ಬೇಕು. ಮೂರನೆಯದು ಇಲ್ಲದಿದ್ದರೆ ವ್ಯತ್ಯಾಸವನ್ನು ಹಾಗೇ ಬರೆದುಬಿಡುತ್ತೇನೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಸಿಗುವುದು ಯಾರೂ ಇಲ್ಲದಿದ್ದ ಜಾಗ.

ಆಯುಧದ ಲೆಕ್ಕವೂ ಸಾಕ್ಷಿ ಹೇಳುತ್ತದೆ. 1971ರ ಕ್ಷಿಪಣಿಗಳ ವ್ಯಾಪ್ತಿ ಸುಮಾರು 40 ಕಿಲೋಮೀಟರ್, ವೇಗ ಶಬ್ದಕ್ಕಿಂತ ತುಸು ಕಡಿಮೆ. 20 ಮೈಲಿಯ ಗುರಿಗೆ ಎರಡು ನಿಮಿಷ, ಹೆಚ್ಚೆಂದರೆ ಇನ್ನೊಂದಿಷ್ಟು ಸೆಕೆಂಡು. ಹಾರಿಸಿದ್ದಕ್ಕೂ ತಗುಲಿದ್ದಕ್ಕೂ ನಡುವೆ ಏಳೆಂಟು ನಿಮಿಷ ತೋರಿಸುವ ಹೇಳಿಕೆ ಬಂದರೆ ಅದು ಬೇರೆ ಕ್ಷಿಪಣಿಯ ಕತೆಯೋ, ಎರಡು ನೆನಪು ಬೆರೆತದ್ದೋ ಇರಬೇಕು.

ಇನ್ನು ಪಂಚಾಂಗ. ಹಳೆಯ ವರ್ಷಗಳ ಪಂಚಾಂಗ ನನ್ನ ಮೇಜಿನ ಮೇಲೆ ಇದ್ದೇ ಇರುತ್ತದೆ. 1971ರಲ್ಲಿ ಮಾರ್ಗಶಿರ ಹುಣ್ಣಿಮೆ ಬಂದದ್ದು ಡಿಸೆಂಬರ್ 2ಕ್ಕೆ. ಕರಾಚಿ ದಾಳಿಯ ಹೊತ್ತಿಗೆ ಹುಣ್ಣಿಮೆ ಕಳೆದು ಎರಡೇ ದಿನ. ಕ್ಷಿಪಣಿ ಹಾರುವ ಹೊತ್ತಿಗೆ ಚಂದ್ರ ಚೆನ್ನಾಗಿ ಮೇಲೆ ಬಂದಿದ್ದ. ಆ ರಾತ್ರಿಯನ್ನು ಕಗ್ಗತ್ತಲು ಎಂದು ಬಣ್ಣಿಸಿದ ಬರಹ ಕಂಡರೆ, ಬರೆದವರು ದಾಖಲೆ ನೋಡದೆ ಕಲ್ಪಿಸಿಕೊಂಡಿದ್ದಾರೆ ಎಂದು ಅನುಮಾನ ಪಡಬಹುದು. ಐದು ದಿನ ಬಿಟ್ಟು, ಡಿಸೆಂಬರ್ 9ರ ರಾತ್ರಿ, ದಿಯು ಬಳಿ ನಮ್ಮ ಯುದ್ಧನೌಕೆ ಖುಕ್ರಿಗೆ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯ ಟಾರ್ಪೆಡೊ ಬಡಿದಾಗ ಮಾತ್ರ ಚಂದ್ರ ಹುಟ್ಟಿರಲಿಲ್ಲ. ಅವತ್ತು ಅರ್ಧಚಂದ್ರ, ಉದಯ ನಡುರಾತ್ರಿಯ ಸುಮಾರಿಗೆ. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರೂ ಸೇರಿ 18 ಅಧಿಕಾರಿಗಳು, 176 ನಾವಿಕರು ಹೋದ ರಾತ್ರಿ ಅದು. ನೀರಿಗೆ ಬಿದ್ದವರಿಗೆ ಪಕ್ಕದವನ ಮುಖ ಕಾಣುತ್ತಿರಲಿಲ್ಲ ಎಂದು ಬದುಕುಳಿದವರೊಬ್ಬರು ಹೇಳಿದರೆ ಅದನ್ನು ಆಕಾಶವೇ ಸಮರ್ಥಿಸುತ್ತದೆ.

ಕಾಗದಗಳು ಎಲ್ಲಿವೆ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ ಪಟಲ್ ಜಾಲತಾಣದಲ್ಲಿ ಹುಡುಕಿ, ಕಡತದ ಸಂಖ್ಯೆಗಳನ್ನು ಪಟ್ಟಿ ಮಾಡಿಕೊಂಡೇ ಹೊರಡಬೇಕು. ಬ್ರಿಟಿಷರ ಕಾಲಕ್ಕೆ ಲಂಡನ್ನಿನ ಕ್ಯೂ ಪತ್ರಾಗಾರದ ಅಡ್ಮಿರಾಲ್ಟಿ ಸರಣಿ: 51 ಕ್ಯಾಪ್ಟನ್‌ಗಳ ಲಾಗ್, 52 ಹಡಗಿನ ದಾರಿ ನೋಡಿಕೊಳ್ಳುತ್ತಿದ್ದ ಮಾಸ್ಟರ್‌ಗಳ ಲಾಗ್, 53 ಹಡಗಿನ ಲಾಗ್, 199 ಎರಡನೆಯ ಮಹಾಯುದ್ಧದ ಕಡತಗಳು. ಒಂದೇ ಹಡಗಿನ ಕ್ಯಾಪ್ಟನ್ ಲಾಗ್, ಮಾಸ್ಟರ್ ಲಾಗ್ ಎರಡನ್ನೂ ತರಿಸಿ. ಜಾಗ ಮತ್ತು ಗಾಳಿಯ ವಿವರಕ್ಕೆ ನಾನು ಮೊದಲು ನೋಡುವುದು ಮಾಸ್ಟರ್‌ನದನ್ನು. ಫ್ರೆಂಚರ ಕಾರ್ಯಾಚರಣೆಗಳು ಪ್ಯಾರಿಸ್‌ನ ರಾಷ್ಟ್ರೀಯ ಪತ್ರಾಗಾರದ ಮರೀನ್ ಬಿ4 ಸರಣಿಯಲ್ಲಿವೆ. ಮುಂಬಯಿಯಲ್ಲಿ ವೈಸ್ ಅಡ್ಮಿರಲ್ ಅವಟಿಯವರು 1978ರಲ್ಲಿ ಕಟ್ಟಿದ ಮ್ಯಾರಿಟೈಮ್ ಹಿಸ್ಟರಿ ಸೊಸೈಟಿ ಇದೆ, ಹೊಸಬರಿಗೆ ಒಳ್ಳೆಯ ಬಾಗಿಲು.

ಸ್ವಾತಂತ್ರ್ಯಾನಂತರದ ಕಡತಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಅನ್ವಯ. 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಹೊರಡಿಸಿದ ನೀತಿಯ ಪ್ರಕಾರ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ತೆರೆಯಬೇಕು. ನಿವೃತ್ತ ಅಧಿಕಾರಿಗೆ ಇಲ್ಲೊಂದು ಬಿಗಿ ಶಿಸ್ತು ಬೇಕು. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಸಮವಸ್ತ್ರ ಕಳಚಿದ ಮೇಲೂ ಬೆನ್ನಿಗಿರುತ್ತದೆ. ಸೇವೆಯಲ್ಲಿದ್ದಾಗ ಮಾತ್ರ ತಿಳಿದ ಸಂಗತಿ ಸಾರ್ವಜನಿಕ ದಾಖಲೆಯಲ್ಲಿ ಕಣ್ಣಿಗೆ ಬೀಳುವವರೆಗೂ ನನ್ನ ಕರಡಿಗೆ ಬರುವುದಿಲ್ಲ. ಕಾನೂನಿನ ಮಾತು ಹಾಗಿರಲಿ, ಓದುಗ ತಾನೇ ಪರೀಕ್ಷಿಸಲಾಗದ ಮಾತನ್ನು ನನ್ನ ದರ್ಜೆ ನೋಡಿ ನಂಬಬೇಕಾಗುವುದು ಇತಿಹಾಸವಲ್ಲ.

ಸಂದರ್ಶನಕ್ಕೆ ಹೋಗುವಾಗ ಹಡಗಿನ ಒಳನಕ್ಷೆಯ ದೊಡ್ಡ ಪ್ರತಿ ಒಯ್ಯಿರಿ. 'ಆ ರಾತ್ರಿ ಏನಾಯಿತು' ಎಂದು ಕೇಳಿದರೆ ಹಿರಿಯರು ತಾವು ಆಮೇಲೆ ಓದಿದ್ದನ್ನೂ ಸೇರಿಸಿ ಹೇಳುತ್ತಾರೆ, ಅದು ಅವರ ತಪ್ಪಲ್ಲ. 'ನೀವು ಎಲ್ಲಿ ನಿಂತಿದ್ರಿ ಸಾರ್, ಬೆರಳಿಟ್ಟು ತೋರಿಸಿ' ಎಂದು ಕೇಳಿ. ಬೆರಳು ಇಂಜಿನ್ ಕೋಣೆಯ ಮೇಲೆ ಬಿದ್ದರೆ, ಅವರು ಕಣ್ಣಾರೆ ಕಂಡದ್ದೇನು, ಕೇಳಿದ್ದೇನು ಎಂಬುದು ಅಲ್ಲೇ ಬೇರೆಯಾಗುತ್ತದೆ. ಗಂಟೆ ಕೇಳಬೇಡಿ, ಪಾಳಿ ಕೇಳಿ. ಮಿಡ್ಲ್ ವಾಚ್ ಎಂದರೆ ನಡುರಾತ್ರಿಯಿಂದ 4 ಗಂಟೆ, ಫಸ್ಟ್ ವಾಚ್ ಎಂದರೆ ರಾತ್ರಿ 8ರಿಂದ 12. ಯಾರಿಂದ ಪಾಳಿ ವಹಿಸಿಕೊಂಡೆ, ಯಾರಿಗೆ ಕೊಟ್ಟೆ ಎಂಬುದು 50 ವರ್ಷವಾದರೂ ಅಳಿಯುವುದಿಲ್ಲ. ಅಲ್ಲಿಂದ ಹೊತ್ತು ತಾನಾಗಿ ಸಿಗುತ್ತದೆ.

ಅಡ್ಮಿರಲ್‌ನ ಆತ್ಮಕಥನಕ್ಕಿಂತ ಸಿಗ್ನಲ್‌ಮನ್ ಆ ಗಳಿಗೆಯಲ್ಲೇ ಗೀಚಿದ ಪ್ಯಾಡ್ ಹೆಚ್ಚು ತೂಕದ್ದು. ಇದನ್ನು ಒಪ್ಪಿಕೊಳ್ಳುವುದು ಅಧಿಕಾರಿಗೆ ಕಷ್ಟ, ದರ್ಜೆಗೆ ತಲೆಬಾಗುವ ಅಭ್ಯಾಸ ಅಷ್ಟು ಆಳ. ಕಚ್ಚಾ ಲಾಗ್ ಮತ್ತು ಶುದ್ಧಪ್ರತಿ ಎರಡೂ ಉಳಿದಿದ್ದರೆ ಕಚ್ಚಾದ್ದನ್ನು ಮೊದಲು ಓದಿ. ಹೊಡೆದುಹಾಕಿದ ಸಾಲು, ಶಾಯಿ ಬದಲಾದ ಜಾಗ, ಅಂಚಿನಲ್ಲಿ ಸೇರಿಸಿದ ಪದ ಇವೆಲ್ಲ ಅಲ್ಲಿರುತ್ತವೆ, ಶುದ್ಧಪ್ರತಿಯಲ್ಲಿ ಇರುವುದಿಲ್ಲ.

ಅಧಿಕಾರಿಯಾಗಿದ್ದವರೇ ಬರೆದ ಇತಿಹಾಸಕ್ಕೆ ಬಲವೂ ಇದೆ, ಭಾರವೂ ಇದೆ. ತೋಪಿನ ಸದ್ದಿಗೆ ಕಿವಿ ಕೆಟ್ಟು 1948ರಲ್ಲಿ ನಿವೃತ್ತರಾದ ಬ್ರಿಟನ್ನಿನ ಕ್ಯಾಪ್ಟನ್ ರೋಸ್ಕಿಲ್ ಅಧಿಕೃತ ಇತಿಹಾಸಕಾರರಾದರು. ನಮ್ಮಲ್ಲಿ 1971ರಲ್ಲಿ ಪಶ್ಚಿಮ ನೌಕಾದಳದ ಕಾರ್ಯಾಚರಣೆ ಅಧಿಕಾರಿಯಾಗಿದ್ದ ವೈಸ್ ಅಡ್ಮಿರಲ್ ಹೀರಾನಂದಾನಿ 1965ರಿಂದ 2000ದವರೆಗಿನ ನೌಕಾಪಡೆಯ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದರು. ತಾನೇ ಭಾಗವಹಿಸಿದ ಘಟನೆಯನ್ನು ಬರೆಯುವವರು ಎದುರಾಳಿಯ ಆವೃತ್ತಿಯನ್ನು ಅದರ ಪೂರ್ತಿ ಬಲದೊಡನೆ ಮುಂದಿಡಬೇಕಾಗುತ್ತದೆ. ವಿಶಾಖಪಟ್ಟಣದ ಹೊರಗೆ ಡಿಸೆಂಬರ್ 3 ಮತ್ತು 4ರ ನಡುರಾತ್ರಿ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ಮುಳುಗಿದ್ದಕ್ಕೆ ನಮ್ಮ ಯುದ್ಧನೌಕೆ ರಜಪೂತ್‌ನ ಡೆಪ್ತ್‌ಚಾರ್ಜ್ (ನೀರಿನಾಳದಲ್ಲಿ ಸಿಡಿಯುವ ಬಾಂಬು) ಕಾರಣ ಎಂಬುದು ನಮ್ಮ ಮಾತು, ಒಳಗಿನ ಸ್ಫೋಟವೋ ಅದರದ್ದೇ ಮೈನೋ ಕಾರಣ ಎಂಬುದು ಅವರ ಮಾತು. ನಾನು ಪುಟವನ್ನು ನಡುವೆ ಗೆರೆ ಎಳೆದು ಎರಡು ಮಾಡಿ, ಪ್ರತಿ ವಾದದ ಕೆಳಗೂ ಅದಕ್ಕೆ ಆಧಾರವಾದ ಕಾಗದ ಯಾವುದು, ಬರೆದವರು ಯಾರು, ಘಟನೆಯಾದ ಎಷ್ಟು ಹೊತ್ತಿಗೆ ಬರೆದರು ಎಂದು ತುಂಬುತ್ತೇನೆ. ಮೂರೂ ತುಂಬಲಾಗದ ವಾದ ಅಡಿಟಿಪ್ಪಣಿಗೆ ಇಳಿಯುತ್ತದೆ, ಅದು ನಮ್ಮ ಕಡೆಯದೇ ಆಗಿದ್ದರೂ.

ಭಾಷೆಯ ವಿಷಯದಲ್ಲಿ ಒಂದೇ ಮಾತು. ಸೇವಾ ವರದಿಯ ಶೈಲಿಯಲ್ಲಿ ಕರ್ತೃ ಮಾಯವಾಗಿರುತ್ತಾನೆ: 'ದಿಕ್ಕು ಬದಲಿಸಲಾಯಿತು', 'ಸಂಪರ್ಕ ಕಳೆದುಕೊಳ್ಳಲಾಯಿತು'. ಕರಡು ಮುಗಿದ ಮೇಲೆ ಕೆಂಪು ಪೆನ್ನು ಹಿಡಿದು ಪ್ರತಿ 'ಲಾಯಿತು'ವಿನ ಪಕ್ಕದಲ್ಲಿ 'ಯಾರು?' ಎಂದು ಬರೆಯುತ್ತೇನೆ. ಉತ್ತರ ಗೊತ್ತಿಲ್ಲದಿದ್ದರೆ ಕಡತಕ್ಕೆ ಮರಳಿ ಹೋಗಬೇಕು.

ಕೆಲಸ ಮುಗಿದ ಮೇಲೆ ಸಮಯದ ಪಟ್ಟಿ, ಟ್ರೇಸಿಂಗ್ ಹಾಳೆಗಳು, ಸಂದರ್ಶನದ ಧ್ವನಿಮುದ್ರಣ ಮೂರನ್ನೂ ಗ್ರಂಥಾಲಯಕ್ಕೆ ಕೊಡಿ. ಪ್ರತಿ ಹಾಳೆಯ ಕೆಳಗೆ ಅಳತೆ, ಬಳಸಿದ ಕಾಂತೀಯ ವ್ಯತ್ಯಾಸ, ಯಾವ ಸಮಯವಲಯ ಎಂದು ಶಾಯಿಯಲ್ಲಿ ಬರೆದು ತಾರೀಕು ಹಾಕಿ. ಪೆನ್ಸಿಲ್ ಗುರುತು ಮಾಸಿಹೋಗುತ್ತದೆ.