ವಿಕ್ಸ್ ಅಲ್ಲ, ಕಾಫಿಪುಡಿ

2020ರ ಆಗಸ್ಟ್‌ನ ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ಕುಳಿತು ಪತ್ರಿಕೆ ಓದುತ್ತಿದ್ದೆ. ಹಿತ್ತಲಿನಿಂದ ಒಳಗೆ ಬಂದ ಹೆಂಡತಿ ಓಡಿಹೋಗಿ ಒಲೆ ಆರಿಸಿದಳು. “ಹಾಲು ಸೀದು ತಳ ಹಿಡಿದಿದೆ. ಇಲ್ಲೇ ಕುಳಿತಿದ್ದೀರಿ, ವಾಸನೆ ಬರಲಿಲ್ಲವೇ ನಿಮಗೆ?”

ಬಂದಿರಲಿಲ್ಲ. ಹಾಸನದಲ್ಲಿ ಕಿವಿ, ಮೂಗು, ಗಂಟಲು ನೋಡಿಕೊಂಡು ಇಪ್ಪತ್ತು ವರ್ಷ ಕಳೆದವನು ನಾನು. ದಿನವೂ ರೋಗಿಗಳಿಗೆ ಕೇಳುತ್ತಿದ್ದ ಪ್ರಶ್ನೆ ತಿರುಗಿ ನನ್ನ ಕಡೆಗೇ ಬಂದಿತ್ತು.

ಎಲ್ಲರೂ ಮಾಡುವ ತಪ್ಪನ್ನೇ ಮೊದಲು ನಾನೂ ಮಾಡಿದೆ. ವಿಕ್ಸ್ ಡಬ್ಬಿ ತೆಗೆದು ಮೂಸಿದೆ. ಮೂಗಿನೊಳಗೆ ತಣ್ಣಗೆ ಚುರುಗುಟ್ಟಿತು. ಸದ್ಯ, ಬರುತ್ತಿದೆ ಎಂದು ಅರ್ಧ ನಿಮಿಷ ನಿರಾಳವಾಗಿದ್ದೆ. ಆಮೇಲೆ ಓದಿದ್ದು ನೆನಪಾಗಿ ನಾಚಿಕೆಯಾಯಿತು. ವಿಕ್ಸ್, ಕರ್ಪೂರ, ಅಮೃತಾಂಜನಗಳ ಚುರುಕನ್ನು ಮಿದುಳಿಗೆ ಮುಟ್ಟಿಸಲು ವಾಸನೆಯ ನರವೇ ಬೇಕೆಂದಿಲ್ಲ. ಮುಖದ ಸ್ಪರ್ಶ, ನೋವುಗಳನ್ನು ತಿಳಿಸುವ ಐದನೆಯ ಕಪಾಲ ನರ ಸಾಕು. ಒಗ್ಗರಣೆಯ ಮೆಣಸಿನಕಾಯಿ ಘಾಟಿಗೆ ಸೀನು ಬರಿಸುವುದೂ, ಈರುಳ್ಳಿ ಹೆಚ್ಚುವಾಗ ಕಣ್ಣುರಿಸುವುದೂ ಅದೇ ನರ. ವಾಸನೆ ಪೂರ್ತಿ ಸತ್ತವನಿಗೂ ವಿಕ್ಸ್ ತಿಳಿಯುತ್ತದೆ. ಅದನ್ನು ಮೂಸಿ ಸಮಾಧಾನಪಟ್ಟು ಮದುವೆಗೆ ಹೋಗಿಬಂದವರನ್ನು ನಾನೇ ನೋಡಿದ್ದೇನೆ.

ಕೂಡಲೇ ಫಿಲ್ಟರ್ ಕಾಫಿಪುಡಿಯ ಡಬ್ಬಿ ತೆರೆದೆ. ಒಳಗೆ ಮೂಗು ತೂರಿಸಿದರೂ ಒಣ ಮರಳು ಮೂಸಿದ ಹಾಗಿತ್ತು. ನೆಗಡಿಯಿಲ್ಲ, ಮೂಗು ಕಟ್ಟಿಲ್ಲ, ಉಸಿರು ಸರಾಗ, ವಾಸನೆ ಮಾತ್ರ ಇಲ್ಲ. ಮಧ್ಯಾಹ್ನ ಕೋವಿಡ್ ಪರೀಕ್ಷೆಗೆ ಸ್ವಾಬ್ ಕೊಟ್ಟೆ. ಮರುದಿನ ಪಾಸಿಟಿವ್ ಎಂದು ಬಂತು.

ಈ ಲಕ್ಷಣವನ್ನು ಗುರುತಿಸಿ ಬ್ರಿಟನ್ನಿನ ಇಎನ್‌ಟಿ ತಜ್ಞರ ಸಂಘದವರು ಮಾರ್ಚ್‌ನಲ್ಲೇ ಎಚ್ಚರಿಸಿದ್ದರು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ಲಕ್ಷಣಗಳ ಪಟ್ಟಿಗೆ ಸೇರಿಸಿದ್ದು ಜೂನ್ 13ರಂದು. ಆ ದಿನಗಳಲ್ಲಿ ಒಪಿಡಿಯಲ್ಲಿ ಎಂಡೋಸ್ಕೋಪ್ ಮುಟ್ಟುವಂತಿರಲಿಲ್ಲ. ರೋಗಿ ಕೆಮ್ಮಿದರೆ, ಸೀನಿದರೆ ಎಲ್ಲವೂ ನಮ್ಮ ಮುಖಕ್ಕೇ. ಫೇಸ್‌ಶೀಲ್ಡಿನ ಒಳಗೆ ಹೆಡ್‌ಲೈಟ್ ಹಾಕಿಕೊಂಡರೆ ಹತ್ತೇ ನಿಮಿಷಕ್ಕೆ ಹಬೆ ಕಟ್ಟಿ ಗಂಟಲೂ ಕಾಣದು, ಏನೂ ಕಾಣದು. ಹಾಗಾಗಿ ನನ್ನ ಪರೀಕ್ಷಾ ಸಾಮಗ್ರಿಯೆಂದರೆ ಮೇಜಿನ ಮೇಲಿನ ಪೊಟ್ಟಣಗಳು: ಒಂದಿಷ್ಟು ಕಾಫಿಪುಡಿ, ಉಪ್ಪು, ಸಕ್ಕರೆ.

ಉಪ್ಪು, ಸಕ್ಕರೆ ಏಕೆಂದರೆ ಹೆಚ್ಚಿನವರು ಬರುತ್ತಿದ್ದುದು “ನಾಲಿಗೆ ಕೆಟ್ಟಿದೆ, ಎಲ್ಲ ಸಪ್ಪೆ” ಎಂದು. ಕಣ್ಣು ಮುಚ್ಚಿಸಿ ನಾಲಿಗೆಯ ಮೇಲೆ ಒಂದು ಹರಳು ಉಪ್ಪು ಇಟ್ಟರೆ ಬಹಳಷ್ಟು ಮಂದಿ ಉಪ್ಪು ಎಂದೇ ಹೇಳುತ್ತಿದ್ದರು. ನಾಲಿಗೆ ನೆಟ್ಟಗೇ ಇರುತ್ತಿತ್ತು. ಸಾರಿನ ರುಚಿಯೆಂದು ನಾವು ಕರೆಯುವುದರಲ್ಲಿ ಬಹುಪಾಲು ಬಾಯಿಯ ಹಿಂದಿನಿಂದ ಮೂಗಿಗೇರುವ ಪರಿಮಳ. ಅದು ಹೋದರೆ ಸಾರಿನಲ್ಲಿ ಉಳಿಯುವುದು ಉಪ್ಪು, ಹುಳಿ, ಖಾರ ಅಷ್ಟೆ.

ವೈರಾಣು ವಾಸನೆಯ ನರವನ್ನೇ ಸುಟ್ಟುಬಿಟ್ಟಿತೇ ಎಂಬ ಭಯ ನನಗೂ ಇತ್ತು. ಆದರೆ ವೈರಾಣು ಅಂಟಿಕೊಳ್ಳಲು ಬೇಕಾದ ಎಸಿಇ2 ಎಂಬ ಪ್ರೋಟೀನ್ ಇರುವುದು ಮುಖ್ಯವಾಗಿ ಆ ನರಕೋಶಗಳಿಗೆ ಆಸರೆಯಾಗಿ ನಿಂತ ಪಕ್ಕದ ಕೋಶಗಳಲ್ಲಿ. ಚಪ್ಪರದ ಕಂಬ ಬಿದ್ದರೆ ಬಳ್ಳಿ ಜೋತುಬೀಳುವ ಹಾಗೆ ಅದು. ಬಹಳಷ್ಟು ಜನರಿಗೆ ಎರಡು ಮೂರು ವಾರದಲ್ಲಿ ವಾಸನೆ ಮರಳುತ್ತಿದ್ದುದಕ್ಕೆ ಇದೂ ಒಂದು ಕಾರಣ. ನನಗೆ ಮರಳಲಿಲ್ಲ.

ಐದನೆಯ ವಾರ ತರಬೇತಿ ಶುರುಮಾಡಿದೆ. ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಥಾಮಸ್ ಹುಮ್ಮೆಲ್ ತಂಡ 2009ರಲ್ಲಿ ಪ್ರಕಟಿಸಿದ ಕ್ರಮ ಅದು: ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕನ್ನು ದಿನಕ್ಕೆರಡು ಬಾರಿ, ಹನ್ನೆರಡು ವಾರ ಮೂಸುವುದು. ಖಾಲಿ ಮಾತ್ರೆ ಡಬ್ಬಿಗಳಲ್ಲಿ ಹತ್ತಿ ಇಟ್ಟು ಎಣ್ಣೆ ಹನಿಸಿಕೊಂಡೆ. ಗುಲಾಬಿಗೆಂದು ಅಂಗಡಿಯ ಪನ್ನೀರು ತಂದದ್ದು ದಂಡವಾಯಿತು, ಅದು ತೀರಾ ತೆಳು, ಅತ್ತರನ್ನೇ ತರಬೇಕಾಯಿತು. ಒಂದೊಂದನ್ನೂ ಹದಿನೈದು ಸೆಕೆಂಡು, ಮೆಲ್ಲಗೆ, ಮೊಲ ಮೂಸುವಂತೆ ಸಣ್ಣಸಣ್ಣ ಉಸಿರಿನಲ್ಲಿ. ಮೂಸುವಾಗ ಆ ವಸ್ತುವನ್ನು ನೆನಪಿಗೆ ತಂದುಕೊಳ್ಳಬೇಕು. ಲವಂಗಕ್ಕೆ ಅಜ್ಜಿಯ ವೀಳ್ಯದ ತಟ್ಟೆಯನ್ನು ನೆನೆಯುತ್ತಿದ್ದೆ. ಪುಸ್ತಕವೊಂದರಲ್ಲಿ ದಿನವೂ ಹತ್ತಕ್ಕೆ ಇಷ್ಟೆಂದು ಅಂಕ ಬರೆದೆ. ಮೊದಲ ವಾರವೇ ನೀಲಗಿರಿಗೆ ನಾಲ್ಕು ಅಂಕ ಕೊಟ್ಟು ಹಿಗ್ಗಿದ್ದೇನೆ. ಅದೂ ಚುರುಕೇ, ವಾಸನೆಯಲ್ಲ. ವಿಕ್ಸ್ ಪಾಠ ಅಷ್ಟು ಬೇಗ ಮರೆತಿದ್ದೆ.

ಏಳನೆಯ ವಾರ ನಿಂಬೆಯ ಎಳೆಯೊಂದು ಹಾದುಹೋಯಿತು. ಹತ್ತನೆಯ ವಾರಕ್ಕೆ ಕಾಫಿ ಬಂತು, ಆದರೆ ಟೈರು ಸುಟ್ಟಂತೆ. ಇದು ನಿರೀಕ್ಷಿತವೇ: ಮರುಜೋಡಣೆಯಾಗುತ್ತಿರುವ ನರಗಳು ಅರ್ಧ ಸುದ್ದಿ ಕಳಿಸುತ್ತವೆ, ಮಿದುಳು ತಪ್ಪಾಗಿ ಓದಿಕೊಳ್ಳುತ್ತದೆ. ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಇದಕ್ಕೆ ಮೊದಲು ಸಿಕ್ಕಿಬೀಳುವ ಪದಾರ್ಥಗಳು. ಇದನ್ನು ವಿವರಿಸಲು ನನ್ನ ಬಳಿ ತಾಂತ್ರಿಕ ಪದವಿತ್ತು. ರೋಗಿಗಳ ಬಳಿ ಅದಕ್ಕಿಂತ ಚೆನ್ನಾದವಿದ್ದವು. ಕಮಟು, ಮುಗ್ಗಲು, ಸೀಕಲು, ಹಳಸಲು, ನಾತ. ಒಬ್ಬರು “ಬೆಳ್ಳುಳ್ಳಿ ಹಸಿ ಗೋಣಿಚೀಲದ ಹಾಗೆ” ಎಂದರು. ಕೆಟ್ಟ ವಾಸನೆ ಬಂದಿತೆಂದು ಅಳುತ್ತಾ ಬಂದವರಿಗೆ, ಏನೂ ಬಾರದಿರುವುದಕ್ಕಿಂತ ಇದು ಮುಂದಿನ ಹೆಜ್ಜೆ ಎಂದು ನನ್ನ ಪುಸ್ತಕವನ್ನೇ ತೆರೆದು ತೋರಿಸುತ್ತಿದ್ದೆ.

ಅವಸರದವರು ಸ್ಟೀರಾಯ್ಡ್ ಮಾತ್ರೆ ಕೇಳುತ್ತಿದ್ದರು, ಕೆಲವರು ಅಂಗಡಿಯಿಂದ ತಾವೇ ತಂದು ನುಂಗುತ್ತಿದ್ದರು. 2021ರ ಮೇ ತಿಂಗಳ ನಂತರ ಈ ವಿಷಯದಲ್ಲಿ ನಾನು ಮುಲಾಜು ನೋಡಲಿಲ್ಲ. ಕೆನ್ನೆ ಊದಿ, ಒಂದು ಕಣ್ಣು ಅರ್ಧ ಮುಚ್ಚಿದ್ದ ಸಕ್ಕರೆ ಕಾಯಿಲೆಯ ರೋಗಿಯೊಬ್ಬರ ಮೂಗಿನೊಳಗೆ ಬೆಳಕು ಬಿಟ್ಟಾಗ, ಗುಲಾಬಿ ಬಣ್ಣವಿರಬೇಕಾದ ಕಡೆ ಇದ್ದಿಲಿನಂಥ ಹಕ್ಕಳೆ ಕಂಡಿತ್ತು. ಕಪ್ಪು ಶಿಲೀಂಧ್ರ. ಸಕ್ಕರೆ ಏರಿದ್ದಾಗ ಸ್ಟೀರಾಯ್ಡ್ ಬಿದ್ದರೆ ಅದಕ್ಕೆ ಹದವಾದ ನೆಲ ಸಿಕ್ಕಂತೆ. ಆಂಫೊಟೆರಿಸಿನ್ ಚುಚ್ಚುಮದ್ದಿಗೆ ಊರೂರು ಹುಡುಕುತ್ತಿದ್ದ ದಿನಗಳವು. ಅವರನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದ ರಾತ್ರಿ ನಿದ್ದೆ ಬರಲಿಲ್ಲ.

2022ರ ಜನವರಿಯ ಒಮೈಕ್ರಾನ್ ಅಲೆಯ ರೀತಿಯೇ ಬೇರೆ. ಗಂಟಲು ಕೆಂಪಾಗಿ ಉಗುಳು ನುಂಗಲಾಗದೆ ಬಂದವರೇ ಜಾಸ್ತಿ, ವಾಸನೆ ಹೋದವರು ಕಡಿಮೆ. ಕಿವಿಯಲ್ಲಿ ಗುಂಯ್‌ಗುಡುತ್ತದೆ ಎಂದು ಬಂದವರೂ ಇದ್ದರು.

ಈಗಲೂ ತಪಾಸಣೆಗೆ ಬರುವವರಲ್ಲಿ ಒಬ್ಬರು ಮದುವೆ ಅಡುಗೆಯ ಭಟ್ಟರು. ಎರಡನೇ ಅಲೆಯಲ್ಲಿ ವಾಸನೆ ಕಳೆದುಕೊಂಡರು. ಪಾಕದ ಹದವನ್ನು ಬೆರಳಿನಲ್ಲಿ, ಒಗ್ಗರಣೆಯನ್ನು ಸಾಸಿವೆಯ ಸದ್ದಿನಲ್ಲಿ ನಿಭಾಯಿಸಿದರು. ತುಪ್ಪ ಕೆಟ್ಟಿದೆಯೇ ಎಂದು ಮೂಸಲು ಮಾತ್ರ ಒಬ್ಬ ಹುಡುಗನನ್ನು ಇಟ್ಟುಕೊಂಡರು. ಗ್ಯಾಸ್ ಸೋರಿಕೆ ತಿಳಿಯಲೆಂದೇ ಸಿಲಿಂಡರಿನ ಅನಿಲಕ್ಕೆ ವಾಸನೆ ಬೆರೆಸಿರುತ್ತಾರೆ, ಅದು ನಿಮಗೆ ತಿಳಿಯದು, ಒಲೆ ಹಚ್ಚುವ ಮೊದಲು ಆ ಹುಡುಗನನ್ನೇ ಕರೆಯಿರಿ ಎಂದು ನಾನು ಹೇಳಿದ್ದು ಅವರಿಗೆ ಹೊಳೆದೇ ಇರಲಿಲ್ಲ. ನನ್ನ ನಾಲ್ಕು ಡಬ್ಬಿಗಳನ್ನು ಅವರು ತಮ್ಮಿಷ್ಟದಂತೆ ಬದಲಿಸಿಕೊಂಡರು: ಅತ್ತರು ತೆಗೆದು ಏಲಕ್ಕಿ, ನೀಲಗಿರಿ ತೆಗೆದು ಇಂಗು. ನಾನು ಬೇಡವೆನ್ನಲಿಲ್ಲ.

ಹೋದ ಸಲ ಬಂದಾಗ ಇಂಗಿನ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, “ಬಂತು ಡಾಕ್ಟರೇ. ಆದರೆ ಹಳೆಯ ಇಂಗಲ್ಲ” ಎಂದರು. ನಾನೂ ಮೂಸಿದೆ. ನನಗೂ ಹಳೆಯ ಇಂಗಲ್ಲ. ಹುಡುಗನನ್ನು ಒಳಗೆ ಕರೆದು ಕೇಳಿದೆವು. ಅವನು ಒಮ್ಮೆ ಮೂಸಿ ಹೇಳಿದ: “ಡಬ್ಬಿ ತೆರೆದಿಟ್ಟಿದ್ದೀರಿ ಅಣ್ಣಾ, ಇಂಗೇ ಹಾಳಾಗಿದೆ.”