ಡ್ರೈಯರ್‌ಗೆ ಮೂರು ಪಿನ್ನೋ, ನಾಲ್ಕು ಪಿನ್ನೋ?

ಅಮೆರಿಕದಲ್ಲಿ ಬಟ್ಟೆ ಒಣಗಿಸುವ ಹೊಸ ಎಲೆಕ್ಟ್ರಿಕ್ ಡ್ರೈಯರ್ ಕೊಂಡರೆ ಸಾಮಾನ್ಯವಾಗಿ ಅದರ ಜೊತೆ ಕಾರ್ಡ್ (ಗೋಡೆಗೆ ಸಿಕ್ಕಿಸುವ ಪ್ಲಗ್ ಇರುವ ವೈರು) ಬರುವುದಿಲ್ಲ. ನಿಮ್ಮ ಗೋಡೆಯ ಔಟ್‌ಲೆಟ್ ಯಾವುದೆಂದು ನೋಡಿಕೊಂಡು ಬೇರೆಯಾಗಿ ಕೊಳ್ಳಬೇಕು. 1996ರ ವಿದ್ಯುತ್ ಕೋಡ್ (ವೈರಿಂಗಿನ ನಿಯಮಾವಳಿ) ಬಂದ ಮೇಲೆ ಹೊಸ ಡ್ರೈಯರ್ ಸರ್ಕ್ಯೂಟ್‌ಗೆ ನಾಲ್ಕು ತಂತಿ ಬೇಕೇ ಬೇಕು. ಅದಕ್ಕಿಂತ ಹಳೆಯ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಮೂರು ತೂತಿನ ನೆಮಾ 10-30 (ನೆಮಾ ಎಂದರೆ ಇಲ್ಲಿನ ಪ್ಲಗ್ ಮಾದರಿಗಳ ಮಾನದಂಡ), ಹೊಸ ಮನೆಗಳಲ್ಲಿ ನಾಲ್ಕು ತೂತಿನ ನೆಮಾ 14-30. ಒಲೆಯ 50 ಆಂಪಿಯರ್ ಕಾರ್ಡ್ ನೋಡಲು ಹೆಚ್ಚುಕಮ್ಮಿ ಹೀಗೇ ಇರುತ್ತದೆ, ಮೋಸಹೋಗಬೇಡಿ. 14-30ರಲ್ಲಿ ನ್ಯೂಟ್ರಲ್ ಪಿನ್ನು ಇಂಗ್ಲಿಷಿನ ಎಲ್ ಅಕ್ಷರದಂತೆ ಮಡಿಚಿರುತ್ತದೆ, ಒಲೆಯ 14-50ರಲ್ಲಿ ನೇರವಾಗಿರುತ್ತದೆ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಊರಿನ ಬಣ್ಣದ ಲೆಕ್ಕ ಮರೆತುಬಿಡಿ. ನಮ್ಮ ಕಡೆ ಕಪ್ಪು ಎಂದರೆ ನ್ಯೂಟ್ರಲ್. ಇಲ್ಲಿ ಕಪ್ಪು ತಂತಿಯಲ್ಲಿ ಕರೆಂಟು ಇರುತ್ತದೆ, ಕೆಂಪಿನಲ್ಲೂ ಇರುತ್ತದೆ. ಬಿಳಿ ನ್ಯೂಟ್ರಲ್, ಹಸಿರು ಅಥವಾ ಬರಿಯ ತಾಮ್ರ ಅರ್ತ್. ಕಪ್ಪಿಗೂ ಕೆಂಪಿಗೂ ನಡುವೆ 240 ವೋಲ್ಟ್, ಎರಡರಲ್ಲಿ ಯಾವುದರಿಂದಲಾದರೂ ಬಿಳಿಗೆ 120.

ಹೀಟರ್ ಓಡುವುದು 240ರಲ್ಲಿ. ಡ್ರಮ್ ತಿರುಗಿಸುವ ಮೋಟಾರು, ಟೈಮರ್, ದೀಪ ಓಡುವುದು 120ರಲ್ಲಿ, ಅವುಗಳ ಕರೆಂಟು ಹಿಂದಿರುಗುವ ದಾರಿ ನ್ಯೂಟ್ರಲ್. ಅಂದರೆ ಡ್ರಮ್ ತಿರುಗುತ್ತಿರುವಷ್ಟು ಹೊತ್ತೂ ಬಿಳಿ ತಂತಿಯಲ್ಲಿ ಕರೆಂಟು ಹರಿಯುತ್ತಿರುತ್ತದೆ. ಅರ್ತ್‌ನಲ್ಲಿ ಮಾತ್ರ, ಏನಾದರೂ ಕೆಟ್ಟಾಗ ಬಿಟ್ಟರೆ, ಹರಿಯಲೇಬಾರದು. ಇದೊಂದು ಮನಸ್ಸಿನಲ್ಲಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಡ್ರೈಯರ್ ಹಿಂಬದಿಯ ಪುಟ್ಟ ಮುಚ್ಚಳ ತೆಗೆದರೆ ಮೂರು ಸ್ಕ್ರೂಗಳ ಟರ್ಮಿನಲ್ ಬ್ಲಾಕ್ ಕಾಣುತ್ತದೆ. ಮಧ್ಯದ್ದು ನ್ಯೂಟ್ರಲ್, ಅಕ್ಕಪಕ್ಕದ್ದು ಕರೆಂಟು. ಆ ಮಧ್ಯದ ಸ್ಕ್ರೂವಿನಿಂದ ಯಂತ್ರದ ತಗಡಿನ ಮೈಗೆ ಒಂದು ತಾಮ್ರದ ಪಟ್ಟಿಯೋ ಚಿಕ್ಕ ತಂತಿಯೋ ಹೋಗಿರುತ್ತದೆ. ಇದೇ ಬಾಂಡಿಂಗ್ ಸ್ಟ್ರಾಪ್. ಎಲ್ಲ ಎಡವಟ್ಟೂ ಆಗುವುದು ಇಲ್ಲೇ.

ನಾಲ್ಕು ಪಿನ್ನಿನ ಕಾರ್ಡ್ ಹಾಕುವುದಾದರೆ ಸ್ಟ್ರಾಪ್ ಬಿಚ್ಚಲೇಬೇಕು. ತಂತಿಯ ರೂಪದಲ್ಲಿದ್ದರೆ ಮೈಯಿಂದ ಬಿಡಿಸಿ, ಮ್ಯಾನುಯಲ್ ಹೇಳಿದಂತೆ ಮಧ್ಯದ ಸ್ಕ್ರೂವಿಗೇ ಸೇರಿಸಿ. ಆಮೇಲೆ ಬಿಳಿ ಮಧ್ಯಕ್ಕೆ, ಕಪ್ಪು ಕೆಂಪು ಅಕ್ಕಪಕ್ಕಕ್ಕೆ (ಯಾವುದು ಯಾವ ಕಡೆಯಾದರೂ ಸರಿ), ಹಸಿರು ತಗಡಿನ ಮೇಲಿನ ಅರ್ತ್ ಸ್ಕ್ರೂವಿಗೆ. ಸ್ಟ್ರಾಪ್ ಹಾಗೇ ಬಿಟ್ಟರೆ ಡ್ರೈಯರ್ ಏನೂ ಆಗದಂತೆ ಓಡುತ್ತದೆ, ಆದರೆ ನ್ಯೂಟ್ರಲ್‌ನ ಕರೆಂಟು ಯಂತ್ರದ ಮೈಯಲ್ಲೂ ಅರ್ತ್ ತಂತಿಯಲ್ಲೂ ಹರಿಯುತ್ತಿರುತ್ತದೆ. ಹೊಸ ಮನೆಯಲ್ಲಿ ಜಿಎಫ್‌ಸಿಐ ಬ್ರೇಕರ್ (ಕರೆಂಟು ದಾರಿ ತಪ್ಪಿದರೆ ತಾನೇ ಆಫ್ ಆಗುವ ಸ್ವಿಚ್) ಇದ್ದರೆ ಅದು ಟ್ರಿಪ್ ಆಗಿ ತಪ್ಪು ತೋರಿಸಿಕೊಡುತ್ತದೆ. ಇಲ್ಲದಿದ್ದರೆ ತಪ್ಪು ವರ್ಷಗಟ್ಟಲೆ ಅಡಗಿ ಕೂತಿರುತ್ತದೆ.

ಮೂರು ಪಿನ್ನಿನ ಕಾರ್ಡ್ ಆದರೆ ಇದರ ತದ್ವಿರುದ್ಧ: ಸ್ಟ್ರಾಪ್ ಇರಲೇಬೇಕು, ಮೈಗೆ ಬೇರೆ ಅರ್ತ್ ಇಲ್ಲವಲ್ಲ. ಈ ಕಾರ್ಡಿನ ತಂತಿಗಳಿಗೆ ಬಣ್ಣವೂ ಇರುವುದಿಲ್ಲ. ಚಪ್ಪಟೆ ಪಟ್ಟಿಯ ನಡುವಿನದು ನ್ಯೂಟ್ರಲ್ ಎಂದು ತಿಳಿಯಿರಿ. ಹಳೆಯ ಔಟ್‌ಲೆಟ್‌ಗೆ ಕೋಡ್ ಇದನ್ನು ಒಪ್ಪುತ್ತದೆ, ಆದರೆ ಇದರ ದೌರ್ಬಲ್ಯ ಗೊತ್ತಿರಲಿ. ನ್ಯೂಟ್ರಲ್ ಎಲ್ಲಾದರೂ ಸಡಿಲವಾಗಿ ಕಡಿದರೆ, ಮೋಟಾರಿನ ಮೂಲಕ ಬಂದ 120 ವೋಲ್ಟ್‌ಗೆ ಹಿಂದಿರುಗಲು ದಾರಿಯಿಲ್ಲದೆ ಇಡೀ ತಗಡಿಗೆ ಕರೆಂಟು ಬರುತ್ತದೆ. ಪಕ್ಕದ ವಾಷಿಂಗ್ ಮಷೀನಿಗೆ ಅರ್ತ್ ಸರಿಯಾಗಿಯೇ ಇರುತ್ತದೆ. ಎರಡನ್ನೂ ಒಟ್ಟಿಗೆ ಮುಟ್ಟಿದವರ ಗತಿ ನೀವೇ ಊಹಿಸಿ. ಕೈಲಾದರೆ ಎಲೆಕ್ಟ್ರಿಷಿಯನ್‌ನಿಂದ ಬ್ರೇಕರ್ ಪ್ಯಾನೆಲ್‌ನಿಂದಲೇ ಹೊಸ ಕೇಬಲ್ ಎಳೆಸಿ: 10 ಗೇಜಿನ ತಾಮ್ರ, ಮೂರು ತಂತಿ ಜೊತೆಗೆ ಅರ್ತ್. ಅರ್ತ್ ಇಲ್ಲದ ಗೋಡೆಯ ಪೆಟ್ಟಿಗೆಗೆ ನಾಲ್ಕು ತೂತಿನ ಔಟ್‌ಲೆಟ್ ಕೂರಿಸಿ ಮುಗಿಸುವುದು ಸುಳ್ಳು ಭರವಸೆ. ಬಿಡಿ ಅಡಾಪ್ಟರ್, ಎಕ್ಸ್‌ಟೆನ್ಷನ್ ಕಾರ್ಡ್ ಬೇಡವೇ ಬೇಡ.

ಕಾರ್ಡ್ ಜೋಡಿಸುವಾಗ ಯಂತ್ರ ಯಾವ ಔಟ್‌ಲೆಟ್‌ಗೂ ಸಿಕ್ಕಿಸಿರಬಾರದು. ಪ್ಯಾನೆಲ್‌ನಲ್ಲಿ ಎರಡು ಹಿಡಿ ಕೂಡಿರುವ 30 ಆಂಪಿಯರ್ ಬ್ರೇಕರ್ ಕೂಡ ಆಫ್ ಮಾಡಿಬಿಡಿ. ಕಾರ್ಡ್ ಒಳಹೋಗುವ ತೂತಿಗೆ ಸ್ಟ್ರೇನ್ ರಿಲೀಫ್ ಎಂಬ ಹಿಡಿಕೆ ಹಾಕದಿದ್ದರೆ, ಅಲುಗಾಟಕ್ಕೆ ತಗಡಿನ ಅಂಚು ವೈರಿನ ಸಿಪ್ಪೆಯನ್ನು ಕೊಯ್ದುಬಿಡುತ್ತದೆ. ಸ್ಕ್ರೂಗಳನ್ನು ಬಲವಾಗಿ ಬಿಗಿಯಿರಿ. ಇಲ್ಲಿ ಹರಿಯುವುದು ಇಪ್ಪತ್ತಕ್ಕೂ ಹೆಚ್ಚು ಆಂಪಿಯರ್. ಸಡಿಲ ಸ್ಕ್ರೂ ಕಾದು ಟರ್ಮಿನಲ್ ಬ್ಲಾಕನ್ನೇ ಕರಗಿಸುತ್ತದೆ, ಬ್ರೇಕರ್‌ಗೆ ಅದು ಗೊತ್ತೂ ಆಗುವುದಿಲ್ಲ.

ಸಿಕ್ಕಿಸುವ ಮೊದಲು ಮಲ್ಟಿಮೀಟರ್‌ನ ಓಮ್ ಅಳತೆಯಲ್ಲಿ ಒಂದು ಪರೀಕ್ಷೆ. ನಾಲ್ಕು ಪಿನ್ನಾದರೆ ಅರ್ತ್ ಪಿನ್ನಿಗೂ ಬಣ್ಣ ಬಳಿಯದ ತಗಡಿಗೂ ನಡುವೆ ಹೆಚ್ಚುಕಮ್ಮಿ ಸೊನ್ನೆ ಬರಬೇಕು, ನ್ಯೂಟ್ರಲ್ ಪಿನ್ನಿಗೂ ತಗಡಿಗೂ ಸಂಪರ್ಕ ಕಾಣಲೇಬಾರದು. ಕಂಡರೆ ಸ್ಟ್ರಾಪ್ ಇನ್ನೂ ಉಳಿದಿದೆ. ಮೂರು ಪಿನ್ನಾದರೆ ನ್ಯೂಟ್ರಲ್ ಪಿನ್ನಿಗೂ ತಗಡಿಗೂ ನಡುವೆ ಸೊನ್ನೆ ಬರಬೇಕು.

ಬಾಡಿಗೆ ಮನೆಯಲ್ಲಿ ಗೋಡೆಯ ಔಟ್‌ಲೆಟ್ ಬದಲಾಯಿಸುವ ಕೆಲಸ ಮಾಲೀಕರದು. ನೀವು ಬದಲಾಯಿಸಬೇಕಾದದ್ದು ಕಾರ್ಡ್ ಮತ್ತು ಸ್ಟ್ರಾಪ್ ಮಾತ್ರ. ಹಳೆಯ ಡ್ರೈಯರ್ ಕೊಳ್ಳುವವರು ಹಿಂದಿನವರು ಸ್ಟ್ರಾಪನ್ನು ಏನು ಮಾಡಿದ್ದಾರೆಂದು ಮುಚ್ಚಳ ತೆಗೆದು ನೋಡಿ. ಸಾಮಾನ್ಯ 120 ವೋಲ್ಟಿನ ಪ್ಲಗ್ ಜೊತೆಗೆ ಹಿಂದೆ ಗ್ಯಾಸ್ ಪೈಪಿನ ತುದಿ ಕಂಡರೆ ಅದು ಗ್ಯಾಸ್ ಡ್ರೈಯರ್, ನಿಮ್ಮ ಮನೆಯಲ್ಲಿ ಗ್ಯಾಸ್ ಸಂಪರ್ಕ ಇಲ್ಲದಿದ್ದರೆ ಬಿಟ್ಟುಬಿಡಿ.

ಡ್ರಮ್ ತಿರುಗುತ್ತದೆ ಆದರೆ ಬಿಸಿ ಇಲ್ಲ ಎಂದಾದರೆ ಕರೆಂಟಿರುವ ಎರಡು ತಂತಿಗಳಲ್ಲಿ ಒಂದಕ್ಕೆ ಕರೆಂಟು ಹೋಗಿರಬಹುದು. ಬ್ರೇಕರ್ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಿ. ಬಿಸಿ ಇದೆ ಆದರೆ ಒಣಗಲು ತಡವಾಗುತ್ತದೆ ಎಂದರೆ ಮೊದಲು ಲಿಂಟ್ (ಬಟ್ಟೆಯಿಂದ ಉದುರುವ ನೂಲಿನ ಚೂರು) ಹಿಡಿಯುವ ಜಾಲರಿ, ಹೊರಗಾಳಿಯ ಪೈಪು ಕಟ್ಟಿವೆಯೇ ನೋಡಿ. ಅವು ಸ್ವಚ್ಛವಾಗಿದ್ದರೆ, ಮತ್ತು ನೀವಿರುವುದು ದೊಡ್ಡ ಅಪಾರ್ಟ್‌ಮೆಂಟ್ ಆಗಿದ್ದರೆ, ಅಲ್ಲಿ 240ರ ಬದಲು 208 ವೋಲ್ಟ್ ಬರುತ್ತಿರಬಹುದು. ಆಗ ಹೀಟರಿನ ಶಕ್ತಿ ಸುಮಾರು ಮುಕ್ಕಾಲಿಗೆ ಇಳಿಯುತ್ತದೆ, ಯಂತ್ರ ಕೆಟ್ಟಿರುವುದಿಲ್ಲ.